ಹೊಸ ಕ್ಯಾರವಾನ್ ಮನೆಗೆ ಬಂತು: ಏನೇನು ಚೆಕ್ ಮಾಡಬೇಕು, ಏನೇನು ಹಾಕಿಸಬೇಕು?

ಲೆಸ್ಟರ್_ಹೊಸಬ | ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಚಳಿಗಾಲ ಪೂರ್ತಿ ಕಾದಿದ್ದ ಟೂರಿಂಗ್ ಕ್ಯಾರವಾನ್, ಅಂದರೆ ಕಾರಿನ ಹಿಂದೆ ಎಳ್ಕೊಂಡು ಹೋಗೋ ಮನೆಗಾಡಿ, ಇಲ್ಲಿ ಬ್ರಿಟನ್ನಿನಲ್ಲಿ ನಿನ್ನೆ ಕೈಗೆ ಸಿಕ್ತು. ನಾಲ್ಕು ಬರ್ತ್, ಸಿಂಗಲ್ ಆಕ್ಸಲ್, ಬಾತ್‌ರೂಮ್ ಹಿಂದುಗಡೆ. ಎಂಟಿಪಿಎಲ್‌ಎಂ, ಅಂದರೆ ಸಾಮಾನು ತುಂಬಿ ಇರಬಹುದಾದ ಗರಿಷ್ಠ ತೂಕ, 1,500 ಕೆಜಿ. ಖಾಲಿ ತೂಕ, ಎಂಆರ್‌ಓ, 1,350. ಎಳೆಯೋ ಕಾರಿನ ಕರ್ಬ್ ತೂಕ, ಅಂದರೆ ಸಾಮಾನು ತುಂಬದ ತೂಕ, 1,800.

ಡೀಲರ್ ಯಾರ್ಡಿನಲ್ಲಿ ಒಬ್ಬ ಹುಡುಗ ಬಂದು ಇದು ಗ್ಯಾಸ್, ಇದು ನೀರು, ಇದು ಟಾಯ್ಲೆಟ್ ಕ್ಯಾಸೆಟ್ ಅಂತ ತೋರಿಸಿ ಸಹಿ ಹಾಕಿಸಿಕೊಂಡ. ಪಿಡಿಐ (ಗಾಡಿ ಕೊಡೋ ಮುಂಚಿನ ತಪಾಸಣೆ) ಶೀಟಿನಲ್ಲಿ ಒಂದೂ ಬಾಕ್ಸ್ ಬಿಡದೆ ಟಿಕ್. ಮನೆ ಮುಂದೆ ನಿಲ್ಲಿಸಿ ಬೆಡ್ ಹಲಗೆ ಎತ್ತಿದರೆ ಕೆಳಗೆ ಮರದ ಹೊಟ್ಟು, ಬಿಡಿ ಸ್ಕ್ರೂಗಳು. ಮೇಲಿನ ಒಂದು ಲಾಕರ್ ಬಾಗಿಲು ಸೊಟ್ಟ ಕೂತಿದೆ. ಇವೆಲ್ಲ ಹೋಗಲಿ ಅಂದ್ಕೊಂಡೆ. ಆದರೆ ನಲ್ಲಿಗಳೆಲ್ಲ ಮುಚ್ಚಿದ್ದಾಗಲೂ ಪಂಪು ಆಗಾಗ ಒಂದು ಕ್ಷಣ 'ಟರ್ರ್' ಅಂತ ಓಡಿ ನಿಲ್ಲುತ್ತೆ. ಡೀಲರಿಗೆ ಫೋನ್ ಮಾಡಿದರೆ 'ಹೊಸದಲ್ವಾ, ಸೆಟ್ ಆಗುತ್ತೆ' ಅಂದ್ರು.

ನನ್ನ ಪ್ರಶ್ನೆ ಎರಡು. ಬ್ಯಾಂಕ್ ಹಾಲಿಡೇಗೆ ವೇಲ್ಸ್ ಕಡೆ ಹೊರಡೋ ಮೊದಲು ಏನೇನು ನೋಡಿಕೊಳ್ಳಬೇಕು? ಮತ್ತೆ ಹಾಕಿಸಬೇಕು ಅಂತಿರೋ ಪಟ್ಟಿ ಇದು: ಮೋಟರ್ ಮೂವರ್ (ಕಾರಿಲ್ಲದೆ ಕ್ಯಾರವಾನ್ ಜರುಗಿಸೋ ಮೋಟರ್), ಸೋಲಾರ್, ಲೀಥಿಯಂ ಬ್ಯಾಟರಿ, ಗಾಳಿ ತುಂಬೋ ಆನಿಂಗ್ (ಪಕ್ಕಕ್ಕೆ ಕಟ್ಟೋ ಡೇರೆ), ಹಿಂದೆ ಸೈಕಲ್ ರ್‍ಯಾಕ್, ಟಿವಿ, ಇನ್ನೆರಡು ಸಾಕೆಟ್. ಇದರಲ್ಲಿ ಯಾವುದು ಮೊದಲು?

ಹುಬ್ಬಳ್ಳಿ_ಹಲ್ | ಭಾನುವಾರ ರಾತ್ರಿ

ಅಭಿನಂದನೆ ರೀ. ನಾ ಇಲ್ಲೇ ಹಲ್ ಸುತ್ತಮುತ್ತ ಕ್ಯಾರವಾನ್ ಸರ್ವಿಸ್ ಕೆಲಸಾನ ಮಾಡಾಂವ, ಅದಕ್ಕ ಸ್ವಲ್ಪ ಉದ್ದ ಬರೀತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ಮೊದಲ ಆ ಪಂಪಿನ ಸುದ್ದಿ. ಅದು 'ಸೆಟ್' ಆಗೂದಲ್ಲ. ನಿಮ್ದು ಪ್ರೆಶರ್ ಸ್ವಿಚ್ ಇರೂ ಸಿಸ್ಟಮ್ ಇರಬೇಕು. ನಲ್ಲಿ ಬಂದ್ ಇದ್ದಾಗ ಪೈಪಿನ್ಯಾಗ ಒತ್ತಡ ಹಂಗ ನಿಂತಿರಬೇಕು. ಅದು ಇಳದ್ರ ಸ್ವಿಚ್ ಪಂಪ್ ಚಾಲೂ ಮಾಡ್ತದ. ಒತ್ತಡ ಯಾಕ ಇಳೀತದ? ಒಂದು, ಎಲ್ಲೋ ನೀರು ಸೋರಾಕತ್ತದ. ಎರಡು, ಪಂಪಿನ ನಾನ್ ರಿಟರ್ನ್ ವಾಲ್ವ್ ಸರಿ ಹಿಡೀವಲ್ದು, ನೀರು ವಾಪಸ್ ಹೊರಗಿನ ಡ್ರಮ್ಮಿಗೆ ಹೊಂಟದ. ಮೂರು, ಸ್ವಿಚ್ಚಿನ ಅಡ್ಜಸ್ಟ್‌ಮೆಂಟ್ ಭಾಳ ಸೂಕ್ಷ್ಮ ಅದ. ಭಾಳ ಮಂದಿ ಸೀದಾ ಮೂರನೇದ್ದಕ್ಕ ಹೋಗಿ ಸ್ವಿಚ್ಚಿನ ಸ್ಕ್ರೂ ತಿರುವಿಬಿಡ್ತಾರ. ಶಬ್ದ ನಿಲ್ತದ, ಸೋರೂದು ನಿಲ್ಲೂದಿಲ್ಲ. ಸ್ಕ್ರೂ ಮುಟ್ಟಬ್ಯಾಡ್ರಿ.

ಹಿಂಗ ಮಾಡ್ರಿ. ಪಂಪ್ ಆನ್ ಇಡ್ರಿ, ಎಲ್ಲಾ ನಲ್ಲಿ ಬಂದ್. ಸಿಂಕಿನ ಕೆಳಗ, ಬಾತ್‌ರೂಮಿನ ಬೇಸಿನ್ ಹಿಂದ, ಶವರ್ ಮಿಕ್ಸರ್ ಹತ್ರ, ಬಿಸಿನೀರಿನ ಹೀಟರಿಗೆ ಬರೂ ಎರಡೂ ಪೈಪು, ಎಲ್ಲೆಲ್ಲಿ ಜೋಡಣಿ ಅದ ಅಲ್ಲಲ್ಲಿ ಒಣ ಕಿಚನ್ ಪೇಪರ್ ಸುತ್ತಿ ಒಂದು ತಾಸು ಬಿಡ್ರಿ. ಕೈಗೆ ಹತ್ತದ ಹನಿ ಪೇಪರಿಗೆ ಹತ್ತತದ. ಪುಷ್ ಫಿಟ್ ಜೋಡಣಿ ಇದ್ರ ಪೈಪನ್ನ ಓರೆ ಕತ್ತರಿಸಿರ್ತಾರ ಇಲ್ಲಾ ಪೂರ್ತಿ ಒಳಗ ತಳ್ಳಿರೂದಿಲ್ಲ. ಹೊಸಾ ವ್ಯಾನಿನ್ಯಾಗ ನಾ ನೋಡೂ ಸೋರಿಕಿ ಅರ್ಧಕ್ಕರ್ಧ ಅವ. ಒಂದು ಎಚ್ಚರ: ಕೆಲವು ಹೀಟರಿನ್ಯಾಗ ಫ್ರಾಸ್ಟ್ ವಾಲ್ವ್ ಇರ್ತದ, ಸುಮಾರು 3 ಡಿಗ್ರಿ ಸೆಲ್ಸಿಯಸ್‌ಗೆ ಇಳದ್ರ ತಾನ ತಕ್ಕೊಂಡು ನೀರೆಲ್ಲಾ ಗಾಡಿ ಕೆಳಗ ಸುರೀತದ. ಅದನ್ನ ಸೋರಿಕಿ ಅಂತ ತಿಳಕೊಂಡು ನನಗ ಫೋನ್ ಮಾಡವರು ಪ್ರತಿ ಮಾರ್ಚ್ ತಿಂಗಳಿಗೂ ಇರ್ತಾರ.

ಎರಡನೇದು ಗಾಲಿ. ವೀಲ್ ಬೋಲ್ಟ್ ಟಾರ್ಕ್ ವ್ರೆಂಚಿನಿಂದನ ನೋಡ್ರಿ, ಕಾಲಲೆ ಒದ್ದು ಬಿಗಿ ಮಾಡೂದಲ್ಲ. ಸ್ಟೀಲ್ ರಿಮ್ಮಿಗೆ ಒಂದು ಅಂಕಿ, ಅಲಾಯ್‌ಗೆ ಬ್ಯಾರೆ, ಕೈಪಿಡಿ ನೋಡಿ ಸೆಟ್ ಮಾಡ್ರಿ. ಡೀಲರಿಂದ ಮನಿಗೆ ಬಂದಮ್ಯಾಲ ಒಮ್ಮೆ, ಆಮ್ಯಾಲ ಸುಮಾರು 50 ಕಿ.ಮೀ. ಓಡಿಸಿ ಇನ್ನೊಮ್ಮೆ. ಹೊಸಾ ರಿಮ್ ಕೂತ್ಕೊಳ್ಳೂ ಮುಂದ ಬೋಲ್ಟ್ ಸಡಿಲಾಗ್ತಾವ. ಟಯರಿನ ಗಾಳಿ ಕಾರಿಗಿಂತ ಭಾಳ ಹೆಚ್ಚು ಬೇಕು, ಅಂಕಿ ಬಾಗಲದ ಹತ್ರ ಇರೂ ಫಲಕದಾಗ ಇರ್ತದ. ಪಕ್ಕದಾಗ ನಾಕು ಅಂಕಿ ಅಚ್ಚಾಗಿರ್ತದ, ಮೊದಲ ಎರಡು ವಾರ, ಕಡೀ ಎರಡು ವರ್ಷ. ಗಾಡಿ ಹೊಸದಿದ್ರೂ ಟಯರ್ ಯಾವಾಗಿಂದು ಅಂತ ಬರದಿಟ್ಕೋರಿ. ಕ್ಯಾರವಾನ್ ಟಯರ್ ಸವೆದು ಹಾಳಾಗೂದಿಲ್ಲ, ನಿಂತು ಹಾಳಾಗ್ತಾವ.

ಮೂರನೇದು, ಇದನ್ನ ಯಾರೂ ಮಾಡೂದಿಲ್ಲ: ಈಗ ಒಣಾ ಇದ್ದಾಗ ಡ್ಯಾಂಪ್ ಮೀಟರ್ (ತೇವ ಅಳಿಯೂದು) ಹಿಡದು ಎಲ್ಲಾ ಮೂಲಿ, ಕಿಟಕಿ ಸುತ್ತ, ಛತ್ತಿನ ರೂಫ್‌ಲೈಟ್ ಸುತ್ತ, ಆನಿಂಗ್ ರೇಲ್ ಒಳಮಗ್ಗಲ, ಮುಂದಿನ ಲಾಕರ್ ಓದ್ರಿ, ಒಂದು ಚಿತ್ರ ಬರದು ಅಂಕಿ ತುಂಬ್ರಿ. ಶೇ. 15ರ ಒಳಗ ಇದ್ರ ಚಿಂತಿಲ್ಲ. 15ರಿಂದ 20 ಇದ್ರ ಕಣ್ಣಿಡ್ರಿ. 20 ದಾಟಿದ್ರ ಕಾರಣ ಹುಡುಕಬೇಕು. ಮೊದಲ ದಿನದ ಅಂಕಿ ಕೈಯಾಗಿದ್ರ ಮುಂದ ಡೀಲರ್ ಕೂಡ ಮಾತಾಡೂದು ಸಲೀಸು.

ಹಾಕಿಸೂ ಪಟ್ಟಿ ಸುದ್ದಿ ನಾಳೆ ಹೇಳ್ತೀನಿ.

ರೀಡಿಂಗ್_ರಾಯರು | ಸೋಮವಾರ ಬೆಳಿಗ್ಗೆ

ಅಷ್ಟೊಂದು ದುಡ್ಡು ಕೊಟ್ಟು ಹೊಸದು ತಗೊಂಡು ಕಿಚನ್ ಪೇಪರ್ ಸುತ್ತಿಕೊಂಡು ಕೂರೋದು ಯಾಕೆ ಸ್ವಾಮಿ? ನಾನು ಮೂರು ವರ್ಷದ ಹಳೇದು ತಗೊಂಡೆ. ಸೊಟ್ಟ ಬಾಗಿಲು, ಸೋರೋ ಪೈಪು ಎಲ್ಲಾ ಮೊದಲನೇ ಯಜಮಾನ ತನ್ನ ರಜೆ ಹಾಳು ಮಾಡ್ಕೊಂಡು ರಿಪೇರಿ ಮಾಡಿಸಿದ್ದ. ಬೆಲೆನೂ ಇಳಿದಿತ್ತು.

ಕಾರಿನ ಕಾರ್ಖಾನೆ ಲೆಕ್ಕ ಇಲ್ಲಿ ನಡೆಯಲ್ಲ. ಇಲ್ಲಿ ಚಾಸಿಸ್ ಒಬ್ಬರದು, ಹೀಟರ್ ಇನ್ನೊಬ್ಬರದು, ಫ್ರಿಜ್ ಮತ್ತೊಬ್ಬರದು, ಉಳಿದದ್ದು ಬಡಗಿ ಕೆಲಸ, ಅದೂ ಬಹುಪಾಲು ಕೈಯಲ್ಲೇ. ವಿಹಾರಕ್ಕೆ ಅಂತಲೇ ಕಟ್ಟಿಸಿದ ಮೊದಲ ಕ್ಯಾರವಾನ್ ಅಂತ ಹೇಳೋ 'ವಾಂಡರರ್' 1885ರಲ್ಲಿ ಬ್ರಿಸ್ಟಲ್ಲಿನ ವ್ಯಾಗನ್ ಕಾರ್ಖಾನೆಯಲ್ಲಿ ಗಾರ್ಡನ್ ಸ್ಟೇಬಲ್ಸ್ ಅನ್ನೋ ಡಾಕ್ಟರಿಗೆ ಮಾಡಿಕೊಟ್ಟಿದ್ದು, ಕುದುರೆ ಎಳೀತಿದ್ದವು. ಆಗಲೂ ಬಡಗಿ ಕೆಲಸ, ಈಗಲೂ ಬಡಗಿ ಕೆಲಸ. ಪ್ರೆಶರ್ ಸ್ವಿಚ್ ಒಂದು ಜಾಸ್ತಿ.

ಮಲೆನಾಡು_ಮ್ಯಾಂಚೆಸ್ಟರ್ | ಸೋಮವಾರ ಮಧ್ಯಾಹ್ನ

ರಾಯರೇ, ಆ ಮೊದಲನೇ ಯಜಮಾನ ಯಾರಾದರೂ ಆಗಲೇಬೇಕಲ್ಲ! ಎಲ್ಲರೂ ಹಳೇದೇ ತಗೊಂಡರೆ ಹಳೇದು ಎಲ್ಲಿಂದ ಬರಬೇಕು?

ಹೊಸಬರೇ, ನಿಮ್ಮ ಮೊದಲ ರಾತ್ರಿ ವೇಲ್ಸಿನಲ್ಲಿ ಬೇಡ. ಮನೆ ಮುಂದೆಯೇ ಆಗಲಿ. ಮಕ್ಕಳನ್ನೂ ಕರ್ಕೊಂಡು ಒಂದು ರಾತ್ರಿ ಡ್ರೈವ್‌ವೇನಲ್ಲಿ ಕ್ಯಾರವಾನ್ ಒಳಗೇ ಮಲಗಿ. ಮನೆಯ ಟಾಯ್ಲೆಟ್ಟಿಗೆ ಓಡೋ ಹಾಗಿಲ್ಲ, ಮನೆ ಫ್ರಿಜ್ ತೆಗೆಯೋ ಹಾಗಿಲ್ಲ. ಎಲ್ಲಾ ಬ್ಲೈಂಡ್ ಎಳೀರಿ, ಎಲ್ಲಾ ಕಿಟಕಿ ಚಿಲಕ ಹಾಕಿ ತೆಗೀರಿ, ಬೆಡ್ ಬಿಚ್ಚಿ ಹಾಸಿ, ಶವರ್ ಮಾಡಿ. ಶವರಿಗೆ ಮುಂಚೆ ಟ್ರೇ ಮೇಲೆ ಕಾಲಿಟ್ಟು ಭಾರ ಹಾಕಿ ನೋಡಿ. ಕಾಲಿಟ್ಟಾಗ ಟ್ರೇ ತಗ್ಗಿ ಅಂಚಿನ ಸೀಲ್ ಬಾಯಿ ಬಿಡುತ್ತಾ ಅಂತ ಟಾರ್ಚ್ ಬಿಟ್ಟು ನೋಡಿ. ಖಾಲಿ ಟ್ರೇಗೆ ನೀರು ಸುರಿದು ನೋಡಿದರೆ ಇದು ಗೊತ್ತಾಗಲ್ಲ, ಮನುಷ್ಯ ನಿಂತಾಗಲೇ ಸೋರೋದು.

ನೀರು ಕುಡಿಯೋ ಮೊದಲು ಸಿಸ್ಟಮ್ ಪೂರ್ತಿ ಸ್ಟೆರಿಲೈಸ್ ಮಾಡಿ ಎರಡು ಮೂರು ಡ್ರಮ್ ನೀರು ಹರಿಸಿ. ನಮ್ಮದರಲ್ಲಿ ಪೈಪ್ ಕತ್ತರಿಸಿದ ಪ್ಲಾಸ್ಟಿಕ್ ಸಿಪ್ಪೆ ಬಂದು ನಲ್ಲಿ ತುದಿಯ ಜಾಲರಿಯಲ್ಲಿ ಸಿಕ್ಕಿಕೊಂಡಿತ್ತು. ಜಾಲರಿ ಬಿಚ್ಚಿಟ್ಟೇ ಹರಿಸಿ.

ಗ್ಯಾಸ್: ನೀಲಿ ಸಿಲಿಂಡರ್ ಬ್ಯೂಟೇನ್, ಕೆಂಪು ಪ್ರೊಪೇನ್. ಬ್ಯೂಟೇನ್ 0 ಡಿಗ್ರಿ ಹತ್ತಿರ ಬಂದರೆ ಆವಿ ಆಗೋದೇ ನಿಲ್ಲಿಸುತ್ತೆ, ಪ್ರೊಪೇನ್ ಮೈನಸ್ 42ರವರೆಗೂ ಕೆಲಸ ಮಾಡುತ್ತೆ. ಈ ದೇಶದಲ್ಲಿ ಕೆಂಪು ಇಟ್ಟುಕೊಂಡರೆ ವರ್ಷವಿಡೀ ಯೋಚನೆ ಇಲ್ಲ. ಲಾಕರಿನ ನೆಲದಲ್ಲಿ ತೂತುಗಳಿರುತ್ತವೆ, ಗಾಳಿ ಬರುತ್ತೆ ಅಂತ ಮ್ಯಾಟ್ ಹಾಕಿ ಮುಚ್ಚಬೇಡಿ. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಆ ತೂತಿನಿಂದಲೇ ಕೆಳಗೆ ಹೋಗಬೇಕು. ಹಾಗೇ ಅಡುಗೆ ಕಡೆಯ ವೆಂಟುಗಳು. ಕಾರ್ಬನ್ ಮಾನಾಕ್ಸೈಡ್ ಅಲಾರಂ ಬಟನ್ ಒತ್ತಿ ಕೂಗಿಸಿ ನೋಡಿ. ಅದು ಬೇರೆ, ಹೊಗೆ ಅಲಾರಂ ಬೇರೆ. ಹೊಗೆ ಅಲಾರಂ ಅಂತೂ ನಮ್ಮ ಮೊದಲ ಒಗ್ಗರಣೆಗೇ ಪರೀಕ್ಷೆಯಾಗುತ್ತೆ, ಪ್ರತ್ಯೇಕ ಬಟನ್ ಬೇಕಿಲ್ಲ. ಒಣಮೆಣಸಿನಕಾಯಿ ಹಾಕೋ ಮುಂಚೆ ರೂಫ್‌ಲೈಟ್ ತೆಗೀರಿ, ಅಷ್ಟೇ. ಅಲಾರಮ್ಮಿನ ಬ್ಯಾಟರಿ ಮಾತ್ರ ಕಿತ್ತಿಡಬೇಡಿ.

ಕುಡ್ಲ_ಕಾರ್ಡಿಫ್ | ಸೋಮವಾರ ಸಂಜೆ

ಕರೆಂಟಿನ ವಿಷಯ ಯಾರೂ ಹೇಳ್ಲಿಲ್ಲ ಮಾರಾಯ್ರೆ, ಅದು ನನ್ನ ಪಾಲಿಗೆ ಬಂತು.

ಹುಕ್ ಅಪ್ ಕೇಬಲ್ (ಹೊರಗಿನ ಕರೆಂಟ್ ಒಳಗೆ ತರುವುದು) 25 ಮೀಟರ್ ಉಂಟಲ್ಲ, ಅದನ್ನು ಪೂರ್ತಿ ಬಿಚ್ಚಿ ಹಾಕಿ. ಸುರುಳಿ ಸುತ್ತಿದ ಹಾಗೇ ಬಿಟ್ಟು ಹೀಟರ್ ಹಾಕಿದ್ರೆ ಬಿಸಿಯಾಗಿ ಕರಗ್ತದೆ. ಒಳಗೆ ಕನ್ಸ್ಯೂಮರ್ ಯೂನಿಟ್ಟಿನ (ಫ್ಯೂಸ್ ಬಾಕ್ಸ್) ಆರ್‌ಸಿಡಿ, ಅಂದ್ರೆ ಕರೆಂಟ್ ಸೋರಿದ್ರೆ ಕಡಿಯುವ ಸ್ವಿಚ್, ಅದರ ಟೆಸ್ಟ್ ಬಟನ್ ಒತ್ತಿ, ಟಕ್ಕನೆ ಬೀಳಬೇಕು. ಬೀಳದಿದ್ರೆ ಅಲ್ಲಿಗೇ ನಿಲ್ಲಿಸಿ, ಪ್ಲಗ್ ತೆಗೀರಿ, ಡೀಲರ್ ನೋಡಲಿ.

ಲೆಕ್ಕ ಹೇಳ್ತೇನೆ ನೋಡಿ. 230 ವೋಲ್ಟಿಗೆ 2 ಕಿಲೋವ್ಯಾಟ್ ಕೆಟಲ್ ಅಂದ್ರೆ 8.7 ಆಂಪ್. ರೂಮ್ ಹೀಟರ್ 2 ಕಿಲೋವ್ಯಾಟಿಗೆ ಇಟ್ರೆ ಇನ್ನೊಂದು 8.7. ಒಟ್ಟು 17.4. ಒಳ್ಳೆ ಕ್ಯಾಂಪ್ ಸೈಟಿನಲ್ಲಿ ಸಿಗುವುದೇ 16, ಕೆಲವು ಕಡೆ 10. ಚಾ ಮಾಡುವಾಗ ಹೀಟರ್ ಇಳಿಸಬೇಕು, ಇಲ್ಲ ಗ್ಯಾಸಿಗೆ ಹಾಕಬೇಕು. ಮಲೆನಾಡು ಮೇಡಂ ಹೇಳಿದ ಹಾಗೆ ಮನೆ ಎದುರು ಮಲಗುವವರಿಗೂ ಇದೇ ಕಥೆ, ಮನೆಯ ಪ್ಲಗ್ ಪಾಯಿಂಟ್ 13 ಆಂಪ್ ಮಾತ್ರ. ಮಿಕ್ಸಿ ಎಂತ ತೊಂದರೆ ಇಲ್ಲ, 750 ವ್ಯಾಟ್ ಅಂದ್ರೆ 3.3 ಆಂಪ್.

ಬ್ಯಾಟರಿ: ಚಾರ್ಜರ್ ಬಂದ್ ಮಾಡಿ ಕೆಲವು ಗಂಟೆ ಬಿಟ್ಟು ಮಲ್ಟಿಮೀಟರ್ ಇಡಿ. 12.7 ವೋಲ್ಟ್ ಇದ್ರೆ ತುಂಬಿದೆ, 12.2 ಅಂದ್ರೆ ಅರ್ಧ. ಯಾರ್ಡಿನಲ್ಲಿ ತಿಂಗಳುಗಟ್ಟಲೆ ಖಾಲಿ ನಿಂತ ಲೆಡ್ ಆಸಿಡ್ ಬ್ಯಾಟರಿಯನ್ನೇ ಕೊಟ್ಟುಬಿಡುವುದುಂಟು. ಅದು ಚಾರ್ಜ್ ಆದ ಹಾಗೆ ಕಾಣ್ತದೆ, ರಾತ್ರಿ ಲೈಟ್ ಹಾಕಿದ್ರೆ ಇಳೀತದೆ.

ಲೀಥಿಯಂ ಈಗಲೇ ಬೇಡ ಅಂತ ನನ್ನ ಅಭಿಪ್ರಾಯ. ಕ್ಯಾರವಾನಿನ ಚಾರ್ಜರಿನಲ್ಲಿ ಲೀಥಿಯಂ ಸೆಟ್ಟಿಂಗ್ ಉಂಟಾ ನೋಡಬೇಕು. 0 ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು, ಒಳಗಿನ ಬಿಎಂಎಸ್ (ಬ್ಯಾಟರಿ ಕಾಯುವ ಸರ್ಕ್ಯೂಟ್) ಕಟ್ ಮಾಡ್ತದೆ. ನೀವು ಹುಕ್ ಅಪ್ ಇರುವ ಸೈಟಿಗೇ ಹೋಗುವವರಾದ್ರೆ ಅದಕ್ಕೂ ಸೋಲಾರಿಗೂ ಹಾಕುವ ದುಡ್ಡು ದಂಡ. ಹೊಲದ ಮೂಲೆಯಲ್ಲಿ ಕರೆಂಟಿಲ್ಲದೆ ಇರುವವರಿಗೆ ಅದರ ಬೆಲೆ ಗೊತ್ತಾಗುವುದು.

ಬ್ರೇಕ್‌ಅವೇ ಕೇಬಲ್ ಮರೀಬೇಡಿ. ಹಿಚ್ (ಕ್ಯಾರವಾನನ್ನು ಕಾರಿಗೆ ಸಿಕ್ಕಿಸುವ ಕೊಂಡಿ) ಕಳಚಿದ್ರೆ ಅದು ಎಳೆದು ಕ್ಯಾರವಾನಿನ ಬ್ರೇಕ್ ಹಾಕ್ತದೆ. ಟೋಬಾರಿನಲ್ಲಿ (ಕಾರಿನ ಹಿಂದಿನ ಎಳೆಯುವ ದಂಡ) ಅದಕ್ಕೇ ಅಂತ ಬಳೆ ಉಂಟು, ಅಲ್ಲಿ ಸಿಕ್ಕಿಸಿ. ನೆಲಕ್ಕೆ ಉಜ್ಜಬಾರದು, ತಿರುವಿನಲ್ಲಿ ಬಿಗಿಯಲೂಬಾರದು.

ಲೆಸ್ಟರ್_ಹೊಸಬ | ಬುಧವಾರ ರಾತ್ರಿ

ಎಲ್ಲರಿಗೂ ಥ್ಯಾಂಕ್ಸ್. ಹುಬ್ಬಳ್ಳಿಯವರು ಹೇಳಿದ ಹಾಗೆ ಪೇಪರ್ ಸುತ್ತಿದೆ. ಸಿಂಕ್ ಒಣಗಿತ್ತು, ಬೇಸಿನ್ ಒಣಗಿತ್ತು. ಹೀಟರ್ ಹಿಂದಿನ ತಣ್ಣೀರಿನ ಜೋಡಣೆಗೆ ಸುತ್ತಿದ ಪೇಪರ್ ಮಾತ್ರ ಪೂರ್ತಿ ತೊಯ್ದು ಅಂಟಿಕೊಂಡಿತ್ತು. ಹಲಗೆ ಎತ್ತಿ ನೋಡಿದರೆ ಕೆಳಗಿನ ಪ್ಲೈವುಡ್ ಅಂಗೈಯಗಲ ಕಪ್ಪಗಾಗಿದೆ. ಮೀಟರ್ ಇಟ್ಟರೆ ಅಲ್ಲಿ ಶೇ. 24, ಬೇರೆಲ್ಲಾ ಕಡೆ 15ರ ಒಳಗೆ. ಡೀಲರಿಗೆ ಫೋಟೋ ಕಳಿಸಿದೆ. 'ತಗೊಂಡು ಬನ್ನಿ, ವರ್ಕ್‌ಶಾಪಿನಲ್ಲಿ ಮುಂದಿನ ಜಾಗ ಮುಂದಿನ ತಿಂಗಳ ಕೊನೆಗೆ' ಅಂದ್ರು. ನೀವೇ ಜೋಡಣೆ ಬಿಗಿ ಮಾಡ್ಕೊಳ್ಳಿ ಅಂತಲೂ ಅಂದ್ರು, ಫೋನಿನಲ್ಲಿ. ಏನು ಮಾಡಲಿ?

ತುಮಕೂರು_ಲೀಡ್ಸ್ | ಬುಧವಾರ ರಾತ್ರಿ

ಫೋನು ಬಿಡಿ. ಇವತ್ತೇ ಇಮೇಲ್ ಹಾಕಿ. ಫೋಟೋ, ಮೀಟರ್ ಅಂಕಿ, ತಾರೀಖು, ಅವರು ಫೋನಿನಲ್ಲಿ ಹೇಳಿದ್ದು, ಎಲ್ಲಾ ಅದರಲ್ಲಿರಲಿ.

ನಿಮ್ಮ ಒಪ್ಪಂದ ಡೀಲರ್ ಜೊತೆ, ಕಾರ್ಖಾನೆ ಜೊತೆ ಅಲ್ಲ. 'ಅದು ತಯಾರಕರ ವಾರಂಟಿ, ಅವರನ್ನ ಕೇಳಿ' ಅಂದರೆ ಒಪ್ಪಬೇಡಿ. ಕನ್ಸ್ಯೂಮರ್ ರೈಟ್ಸ್ ಆಕ್ಟ್ 2015ರ ಪ್ರಕಾರ ಕೊಂಡ ಮಾಲು ತೃಪ್ತಿಕರ ಗುಣಮಟ್ಟದ್ದಾಗಿರಬೇಕು, ಸಣ್ಣಪುಟ್ಟ ದೋಷ ಇಲ್ಲದಿರೋದೂ ಅದರಲ್ಲೇ ಸೇರುತ್ತೆ. ಹಾಗಿಲ್ಲದಿದ್ದರೆ ಕೈಗೆ ಬಂದ 30 ದಿನದೊಳಗೆ ವಾಪಸ್ ಮಾಡಿ ಹಣ ಕೇಳೋ ಹಕ್ಕಿದೆ. ರಿಪೇರಿಗೆ ಒಪ್ಪಿದರೆ ಆ ರಿಪೇರಿ ನಡೆಯೋವರೆಗೆ 30 ದಿನದ ಲೆಕ್ಕ ನಿಲ್ಲುತ್ತೆ, ಗಾಡಿ ವಾಪಸ್ ಬಂದಮೇಲೆ ಕನಿಷ್ಠ 7 ದಿನ ನಿಮಗೆ ಸಿಗುತ್ತೆ. 30 ದಿನ ದಾಟಿದರೆ ಅವರಿಗೆ ಮೊದಲು ರಿಪೇರಿ ಮಾಡೋ ಅವಕಾಶ ಕೊಡಲೇಬೇಕು. ಮೊದಲ 6 ತಿಂಗಳಲ್ಲಿ ಕಂಡ ದೋಷ ಕೊಟ್ಟಾಗಲೇ ಇತ್ತು ಅಂತಲೇ ಕಾನೂನು ಹಿಡಿಯೋದು, ಇರಲಿಲ್ಲ ಅಂತ ತೋರಿಸೋದು ಅವರ ಕೆಲಸ.

ಅದಕ್ಕೇ ಅವರು ಕೊಟ್ಟ ದಿನಾಂಕ ಸುಮ್ಮನೆ ಒಪ್ಪಿಕೊಂಡು ಕೂರಬೇಡಿ. 30 ದಿನ ಮುಗಿದ ಮೇಲಿನ ದಿನಾಂಕ ಅದು. ಬೇಕಂತಲೇ ಕೊಟ್ಟರು ಅಂತ ಹೇಳ್ತಿಲ್ಲ, ವಸಂತಕಾಲದಲ್ಲಿ ಎಲ್ಲಾ ವರ್ಕ್‌ಶಾಪೂ ತುಂಬಿರುತ್ತೆ. ಆದರೂ ಇಮೇಲಿನಲ್ಲಿ 'ವಾಪಸ್ ಮಾಡುವ ನನ್ನ ಹಕ್ಕನ್ನು ಕಾಯ್ದಿರಿಸಿಕೊಂಡೇ ರಿಪೇರಿಗೆ ಕೇಳುತ್ತಿದ್ದೇನೆ' ಅನ್ನೋ ಒಂದು ಸಾಲು ಇರಲಿ. ಮುಂಗಡ ಹೇಗೆ ಕೊಟ್ರಿ? ಕ್ರೆಡಿಟ್ ಕಾರ್ಡಿನಲ್ಲಿ ಸ್ವಲ್ಪವಾದರೂ ಕೊಟ್ಟಿದ್ದು, ಗಾಡಿಯ ಬೆಲೆ 100 ಪೌಂಡಿಗಿಂತ ಹೆಚ್ಚಿದ್ದು 30,000 ದಾಟದಿದ್ದರೆ ಕನ್ಸ್ಯೂಮರ್ ಕ್ರೆಡಿಟ್ ಆಕ್ಟಿನ ಸೆಕ್ಷನ್ 75ರಲ್ಲಿ ಕಾರ್ಡ್ ಕಂಪನಿಯೂ ಹೊಣೆ.

ಹುಬ್ಬಳ್ಳಿ_ಹಲ್ | ಬುಧವಾರ ರಾತ್ರಿ

ತುಮಕೂರು ಅಕ್ಕಾರು ಹೇಳಿದ್ದಕ್ಕ ನಂದು ಒಂದ ಮಾತು ಸೇರಸ್ರಿ. ಜೋಡಣಿ ಬಿಗಿ ಮಾಡೂದು ಎರಡು ನಿಮಿಷದ ಕೆಲಸ, ನೀವೂ ಮಾಡಬಹುದು. ಆದ್ರ ತೊಯ್ದ ಪ್ಲೈವುಡ್ ಯಾರು ಒಣಗಸ್ತಾರ? ಅದು ಒಣಗಿ ಮತ್ತ 15ರ ಒಳಗ ಬಂತು ಅಂತ ಅವರ ಬರದು ಕೊಡಬೇಕು. ಬಾಡಿ ಒಳಗ ನೀರು ನುಗ್ಗೂದಕ್ಕ ಇರೂ ದೊಡ್ಡ ವಾರಂಟಿ ಬ್ಯಾರೆ, ಪೈಪಿನ ಸೋರಿಕಿ ಬ್ಯಾರೆ, ಅದನ್ನ ಕೂಡಸಿ ಗೊಂದಲ ಮಾಡ್ತಾರ. ಅಲ್ಲೀತನಕ ಪಂಪ್ ಬಂದ್ ಇಟ್ಟು, ಹೀಟರ್ ಖಾಲಿ ಮಾಡಿ, ಹಲಗಿ ತಗದು ಗಾಳಿ ಆಡಾಕ ಬಿಡ್ರಿ.

ಡರ್ಬಿ_ದಾವಣಗೆರೆ | ಗುರುವಾರ

ಮಧ್ಯೆ ಬಾಯಿ ಹಾಕ್ತೀನಿ, ಕ್ಷಮಿಸಿ. ನಾನೂ ತಗೋಬೇಕು ಅಂತಿದೀನಿ. ನನ್ನ ಇಲ್ಲಿನ ಲೈಸೆನ್ಸ್ 2012ರದು. ಟ್ರೇಲರ್ ಟೆಸ್ಟ್ ಬೇರೆ ಕೊಡಬೇಕಾ?

ರೀಡಿಂಗ್_ರಾಯರು | ಗುರುವಾರ

ಬೇಡ. 1997ರ ಜನವರಿ 1ರ ನಂತರ ಪಾಸಾದವರಿಗೆ ಮುಂಚೆ ಆ ಕಾಟ ಇತ್ತು, 2021ರ ಡಿಸೆಂಬರ್ 16ಕ್ಕೆ ತೆಗೆದರು. ಕಾರ್ ಲೈಸೆನ್ಸಿನಲ್ಲೇ 3,500 ಕೆಜಿ ಟ್ರೇಲರ್‌ವರೆಗೆ ಎಳೀಬಹುದು, ಕಾರಿನ ಮಿತಿ ಅಷ್ಟಿದ್ದರೆ. ಮೋಟರ್‌ವೇನಲ್ಲಿ ಗಂಟೆಗೆ 60 ಮೈಲಿ, ಮಧ್ಯೆ ವಿಭಜಕ ಇಲ್ಲದ ಸಿಂಗಲ್ ರಸ್ತೆಯಲ್ಲಿ 50. ಮೂರು ಲೇನಿನ ಮೋಟರ್‌ವೇನಲ್ಲಿ ಬಲತುದಿಯ ಲೇನಿಗೆ ಹೋಗಂಗಿಲ್ಲ. ಹಳೇದೇ ತಗೊಳ್ಳಿ.

ಮಲೆನಾಡು_ಮ್ಯಾಂಚೆಸ್ಟರ್ | ಗುರುವಾರ ರಾತ್ರಿ

ಹೊಸಬರೇ, ನಿಮ್ಮ ಎರಡನೇ ಪ್ರಶ್ನೆಗೆ ಯಾರೂ ಸರಿಯಾಗಿ ಉತ್ತರ ಕೊಟ್ಟಿಲ್ಲ. ಯಾವುದು ಮೊದಲು ಅಂತ ಕೇಳಿದ್ರಿ. ಮೊದಲು ತೂಕ.

1,500ರಲ್ಲಿ 1,350 ಕಳೆದರೆ 150 ಕೆಜಿ. ನಿಮ್ಮ ಸಂಸಾರ ಪೂರ್ತಿ ಇದರಲ್ಲೇ. ಮೂವರ್ 30ರಿಂದ 40 ಕೆಜಿ. ಬ್ಯಾಟರಿ 20ರ ಮೇಲೆ. ಕೆಂಪು ಸಿಲಿಂಡರ್ 6 ಕೆಜಿದು ತುಂಬಿದಾಗ ಸುಮಾರು 15. ಎಂಆರ್‌ಓ ಲೆಕ್ಕದಲ್ಲಿ ಗ್ಯಾಸ್, ನೀರು ಎಷ್ಟು ಹಿಡಿದಿದ್ದಾರೆ ಅಂತ ಕೈಪಿಡಿಯಲ್ಲಿ ನೋಡಿ, ಒಬ್ಬೊಬ್ಬ ತಯಾರಕರು ಒಂದೊಂದು ಥರ ಹಿಡೀತಾರೆ. ಆನಿಂಗ್ ಇನ್ನೊಂದು 20, 25. ಸೋಲಾರ್ ಪ್ಯಾನೆಲ್, ಟಿವಿ, ನೀರಿನ ಡ್ರಮ್, ಕೊಳೆನೀರಿನ ಡ್ರಮ್, ಕೇಬಲ್, ಕುರ್ಚಿಗಳು. ಬಟ್ಟೆ, ಹಾಸಿಗೆ ಇನ್ನೂ ಬಂದೇ ಇಲ್ಲ. ಆಮೇಲೆ ನಮ್ಮವರ ಅಡುಗೆ ಸಾಮಾನು! ಕುಕ್ಕರ್, ಮಿಕ್ಸಿ, ಕಬ್ಬಿಣದ ಕಾವಲಿ, ಐದು ಕೆಜಿ ಅಕ್ಕಿ, ಒಂದು ಡಬ್ಬ ಹುಳಿಪುಡಿ, ಉಪ್ಪಿನಕಾಯಿ ಭರಣಿ. ನಾಲ್ಕು ದಿನದ ಪ್ರವಾಸಕ್ಕೆ ಮದುವೆ ಮನೆ ಉಗ್ರಾಣದ ಹಾಗೆ ತುಂಬಿಕೊಂಡು ಹೊರಡ್ತೀವಿ.

ಕಾರಿಗೆ ತಾಳೆ ನೋಡಿದರೆ ನಿಮ್ಮದು ಸರಿ ಇದೆ. ಇಲ್ಲಿ ರೂಢಿಯಲ್ಲಿರೋ 85 ಪರ್ಸೆಂಟ್ ಲೆಕ್ಕದಲ್ಲಿ 1,800ಕ್ಕೆ 1,530 ಬರುತ್ತೆ. ಅದು ಕಾನೂನಲ್ಲ, ಸಲಹೆ. ಎಂಟಿಪಿಎಲ್‌ಎಂ ಮೀರೋದು ಮಾತ್ರ ಕಾನೂನಿಗೆ ವಿರುದ್ಧ. ಕೆಲವು ಮಾಡೆಲಿಗೆ ತಯಾರಕರು ಸ್ವಲ್ಪ ದುಡ್ಡು ತಗೊಂಡು ಮಿತಿ ಏರಿಸಿ ಹೊಸ ಫಲಕ ಕೊಡ್ತಾರೆ. ಚಾಸಿಸ್, ಟಯರ್ ತಾಳೋ ಹಾಗಿದ್ದರೆ ಮಾತ್ರ. ಅದನ್ನ ಕೇಳಿ ನೋಡಿ.

ಸೈಕಲ್ ರ್‍ಯಾಕ್ ಹಿಂಬದಿ ಗೋಡೆಗೆ ಬೇಡವೇ ಬೇಡ. ಆಕ್ಸಲಿನಿಂದ ಅಷ್ಟು ಹಿಂದೆ ಭಾರ ಹೋದರೆ ಗಾಡಿ ಹಾವಿನ ಹಾಗೆ ಬಳುಕೋಕೆ ಶುರು ಮಾಡುತ್ತೆ. ಸೈಕಲ್ ಕಾರಿನ ಮೇಲೆ.

ಹುಬ್ಬಳ್ಳಿ_ಹಲ್ | ಗುರುವಾರ ರಾತ್ರಿ

ಮೇಡಂ ಹೇಳಿದ್ದು ನೂರಕ್ಕ ನೂರು. ಮೂಗಿನ ತೂಕಾನೂ ನೋಡ್ರಿ, ಹಿಚ್ ಟೋಬಾಲ್ (ಟೋಬಾರಿನ ತುದಿಯ ಗುಂಡು) ಮ್ಯಾಲ ಎಷ್ಟು ಕುಂದ್ರತದ ಅಂತ. ಒಟ್ಟು ತೂಕದ ಶೇ. 5ರಿಂದ 7 ಇರಬೇಕು ಅಂತಾರ, ನಿಮಗ 75ರಿಂದ 105 ಆತು. ಆದ್ರ ಹಿಚ್ಚಿನ ಮಿತಿ ಸಾಧಾರಣ 100, ಕಾರಿನ ಟೋಬಾರ್ ಮಿತಿ ಕೆಲವಕ್ಕ 75 ಅಷ್ಟ. ಎಲ್ಲಾದ್ರಾಗ ಕಡಿಮಿ ಯಾವದೋ ಅದ ನಿಮ್ಮ ಮಿತಿ. ಬಾತ್‌ರೂಮಿನ ತೂಕದ ಮಶೀನ್ ಮ್ಯಾಲ ಒಂದು ಕಟಗಿ ತುಂಡು ನಿಂದರಿಸಿ ಹಿಚ್ ಇಟ್ರ ಗೊತ್ತಾಗ್ತದ.

ಸ್ಟೆಬಿಲೈಸರ್ ಹಿಚ್ (ಬಳುಕೂದು ತಡಿಯೂದು) ಅದ ಅಂತ ಧೈರ್ಯಾ ಮಾಡಬ್ಯಾಡ್ರಿ. ಅದು ಪ್ಯಾಡಿನಿಂದ ಬಾಲನ್ನ ಬಿಗಿ ಹಿಡೀತದ, ಅದಕ್ಕ ಬಾಲ್ ಒಣಾ ಇರಬೇಕು. ಹೊಸಾ ಟೋಬಾರ್ ಇದ್ರ ಬಾಲಿನ ಕರೀ ಬಣ್ಣಾ ಎಮರಿ ಪೇಪರಿನಿಂದ ತಿಕ್ಕಿ ಪೂರ್ತಿ ತಗೀರಿ, ಗ್ರೀಸ್ ಹಚ್ಚಬ್ಯಾಡ್ರಿ. ಬಣ್ಣಾ ಪ್ಯಾಡಿಗೆ ಹತ್ತಿದ್ರ ತಿರುವಿನ್ಯಾಗ ಕರ್ ಕರ್ ಅಂತದ, ಹಿಡತಾನೂ ಹೋಗ್ತದ.

ಸೋಲಾರ್, ಸಾಕೆಟ್ ಅಂತ ಛತ್ತಿಗೆ ಗ್ವಾಡಿಗೆ ತೂತು ಕೊರಿಯೂ ಮುಂದ ತಯಾರಕರ ಒಪ್ಪಿಗಿ ಬರವಣಿಗಿಯೊಳಗ ತಗೋರಿ. ನೀರು ನುಗ್ಗೂ ವಾರಂಟಿ ನಿಂತಿರೂದ ಆ ಸೀಲುಗಳ ಮ್ಯಾಲ. ವರ್ಷಾ ವರ್ಷಾ ಕೈಪಿಡಿಯೊಳಗ ಬರದ ಗಡುವಿನ್ಯಾಗ ಸರ್ವಿಸ್ ಮಾಡಿಸಿ ಮುದ್ರಿ ಹಾಕಿಸದಿದ್ರೂ ಅದು ಹೋಗ್ತದ.

ಕುಡ್ಲ_ಕಾರ್ಡಿಫ್ | ಶುಕ್ರವಾರ

ಇಷ್ಟೆಲ್ಲ ಹೆದರಿಸಬೇಡಿ ಮಾರಾಯ್ರೆ! ಪ್ಯಾನೆಲ್ ಅಂಟಿಸುವುದೂ ಉಂಟಲ್ಲ, ತೂತೇ ಬೇಡ. ಕೇಬಲ್ ಒಳಗೆ ತರಲು ಒಂದು ತೂತು ಮಾತ್ರ.

ಹುಬ್ಬಳ್ಳಿ_ಹಲ್ | ಶುಕ್ರವಾರ

ಆ ಒಂದ ತೂತಿನಿಂದನ ನನ್ನ ಸಂಸಾರ ನಡದದ ರೀ.

ಲೆಸ್ಟರ್_ಹೊಸಬ | ಮುಂದಿನ ವಾರ, ಶನಿವಾರ

ಅಪ್‌ಡೇಟ್. ತುಮಕೂರು ಮೇಡಂ ಹೇಳಿದ ಸಾಲು ಹಾಕಿ ಇಮೇಲ್ ಕಳಿಸಿದ್ದೇ ತಡ, ಈ ವಾರದಲ್ಲೇ ಜಾಗ ಖಾಲಿಯಾಯ್ತು. ಮೆಕ್ಯಾನಿಕ್ ಮನೆಗೇ ಬಂದ. ಪೈಪಿನ ತುದಿ ಓರೆಯಾಗಿತ್ತು, ನೇರ ಕತ್ತರಿಸಿ ಮತ್ತೆ ಕೂರಿಸಿದ. ಪಂಪು ಈಗ ಸುಮ್ಮನಿದೆ. ಪ್ಲೈವುಡ್ ಇನ್ನೂ ಶೇ. 19. ಒಣಗಿದ ಮೇಲೆ ಮತ್ತೆ ಬಂದು ಅಳೆದು ಬರೆದುಕೊಡ್ತೀನಿ ಅಂದಿದ್ದಾನೆ, ಅದೂ ಇಮೇಲಿನಲ್ಲಿದೆ. ಸೊಟ್ಟ ಬಾಗಿಲನ್ನೂ ಅವನೇ ಸರಿ ಮಾಡಿದ.

ಮನೆ ಮುಂದೆ ಮಲಗಿದ್ದೂ ಆಯ್ತು. ಮುಂದಿನ ಕಿಟಕಿಯ ಬ್ಲೈಂಡ್ ರಾತ್ರಿ ತಾನಾಗೇ ಮೇಲೆ ಹಾರಿತು, ಎದುರು ಮನೆಯ ಅಜ್ಜಿ ಬೆಳಿಗ್ಗೆ ಕೈ ಬೀಸಿದರು. ಅದು ಪಟ್ಟಿಗೆ ಸೇರಿತು.

ಸಾಮಾನೆಲ್ಲ ತುಂಬಿ ವೇಬ್ರಿಡ್ಜಿಗೆ ತಗೊಂಡು ಹೋದೆ: 1,465. ಮೂವರ್ ಇನ್ನೂ ಹಾಕಿಸಿಲ್ಲ. ನಮ್ಮ ಮನೆ ಇಳಿಜಾರಿನಲ್ಲಿದೆ, ಅದು ಬೇಕೇ ಬೇಕು. ಸೋಲಾರ್, ಲೀಥಿಯಂ, ರ್‍ಯಾಕ್ ಕೈಬಿಟ್ಟೆ. ಆನಿಂಗ್ ಕಾರಿನ ಡಿಕ್ಕಿಗೆ. ಕಬ್ಬಿಣದ ಕಾವಲಿ ಬಿಟ್ಟು ಬರೋಣ ಅಂದರೆ ಮನೆಯಲ್ಲಿ ಯಾರೂ ಒಪ್ಪುತ್ತಿಲ್ಲ. ಕೊನೇ ಪ್ರಶ್ನೆ: ಮೂವರ್ ಹಾಕಿಸಿದ ಮೇಲೆ ನಾನು ಏನು ನೋಡ್ಕೋಬೇಕು?

ಹುಬ್ಬಳ್ಳಿ_ಹಲ್ | ಶನಿವಾರ

1,465ಕ್ಕ 35 ಕೂಡಿದ್ರ ಸರಿಯಾಗಿ 1,500. ಒಂದ ಕೆಜಿನೂ ಉಳೀಲಿಲ್ಲ, ಮೂವರ್ 35ಕ್ಕಿಂತ ಹೆಚ್ಚಿದ್ರ ಮೀರೇ ಹೋತು. ಮಿತಿ ಏರಸಾಕ ಬರ್ತದೇನು ಅಂತ ಸೋಮವಾರನ ಫೋನ್ ಮಾಡ್ರಿ, ಇಲ್ಲಂದ್ರ ಅಕ್ಕಿ ಚೀಲಾ ಕಾರಿಗೆ ಹಾಕ್ರಿ.

ಮೂವರ್ ಹಾಕೂ ಮುಂದ ಟಯರ್ ಗಾಳಿ ಸರಿ ಇರಬೇಕು. ಗಾಳಿ ಕಡಿಮಿ ಇದ್ದಾಗ ರೋಲರ್ (ಟಯರಿಗೆ ಒತ್ತಿ ಗಾಲಿ ತಿರುಗಿಸೂ ಉರುಳಿ) ಸಂದಿ ಅಳದು ಕೂಡ್ಸಿದ್ರ ಆಮ್ಯಾಲ ಗಾಳಿ ತುಂಬಿದಾಗ ತಪ್ಪತದ. ಬಿಟ್ಟಾಗ ರೋಲರಿಗೂ ಟಯರಿಗೂ ನಡುವ 20 ಮಿ.ಮೀ. ಆಸುಪಾಸು ಇರೂದು ಸಾಮಾನ್ಯ, ನಿಮ್ಮ ಮೂವರಿನ ಕೈಪಿಡಿ ಅಂಕಿನ ಕಡೀ ಮಾತು. ರೋಲರ್ ಬಿಡಿಸೂ ಮುಂದ ಹ್ಯಾಂಡ್‌ಬ್ರೇಕ್ ಹಾಕ್ರಿ, ನಿಮ್ಮದು ಇಳಿಜಾರು ಬ್ಯಾರೆ. ಎಳಕೊಂಡು ಹೊರಡೂ ಮುಂದ ಎರಡೂ ಕಡೆ ಬಗ್ಗಿ ನೋಡಿ ರೋಲರ್ ಬಿಟ್ಟಾವೇನು ಖಾತ್ರಿ ಮಾಡ್ಕೋರಿ. ತೂಕ ಏರಿದ ಮ್ಯಾಲ ಮೂಗಿನ ತೂಕ ಮತ್ತ ಅಳೀರಿ.

ಲೆಸ್ಟರ್_ಹೊಸಬ | ಶನಿವಾರ

ಸರಿ ಸರ್. ಟಾರ್ಕ್ ವ್ರೆಂಚ್ ಆರ್ಡರ್ ಮಾಡಿದೀನಿ. ಬ್ಲೈಂಡಿನ ಫೋಟೋ ನಾಳೆ ಹಾಕ್ತೀನಿ, ಅದರ ಸ್ಪ್ರಿಂಗ್ ಬಿಗಿ ಮಾಡೋಕೆ ಬರುತ್ತಾ ಅಂತ ಯಾರಾದರೂ ಹೇಳಿ.